ಮನೆಯ ಬೆಕ್ಕಿಗೆ ಮಧುಮೇಹ

ಮಧುಮೇಹವೆಂಬ ಶಬ್ದವನ್ನು ಕೇಳರಿಯದ ಮನೆಯು ಈ ಕಾಲದಲ್ಲಿ ಇರಲಾರದು. ಹಿಂದೆ ಸಿರಿವಂತರ ರೋಗವೆಂದು ಹೆಸರಾಗಿದ್ದ ಇದು ಇಂದು ಬಡವ ಬಲ್ಲಿದರೆನ್ನದೆ ಎಲ್ಲರ ಹೊಸ್ತಿಲನ್ನೂ ದಾಟಿರುವುದು. ಹೀಗಿದ್ದರೂ ಇದೇ ರೋಗವು ಮನೆಯ ಬೆಕ್ಕಿಗೂ ಬರುವುದೆಂದು ಹೇಳಿದರೆ ನಂಬುವವರಿಗಿಂತ ನಗುವವರೇ ಹೆಚ್ಚು. “ಏನ್ರೀ ಸರ, ಬೆಕ್ಕಿಗೂ ಸಕ್ಕರಿ ಬ್ಯಾನಿ ಬರ್ತದ?” ಎಂದು ಸುಲೇಪೇಟದ ನಮ್ಮ ಓಣಿಯಲ್ಲಿ ನಮ್ಮನ್ನು ಕೇಳದವರಿಲ್ಲ. ಬರುವುದು, ಅದೂ ಅಪರೂಪವಾಗಿಯಲ್ಲ. ಬ್ರಿಟನ್ನಿನಲ್ಲಿ ಲೆಕ್ಕ ಹಾಕಿದವರು ಸುಮಾರು 200 ಸಾಕುಬೆಕ್ಕುಗಳಲ್ಲಿ ಒಂದಕ್ಕೆ ಈ ರೋಗವಿರುವುದೆಂದು ಕಂಡಿದ್ದಾರೆ. ಕಳೆದ ಮಾಘಮಾಸದಲ್ಲಿ ನಮ್ಮ ಮನೆಯ ಬೆಕ್ಕಿಗೆ ಮಧುಮೇಹವೆಂದು ನಿಶ್ಚಯವಾಯಿತು. ಅಂದಿನಿಂದ ಈ ಆಷಾಢದವರೆಗೆ ವೈದ್ಯರ ಬಾಯಿಂದ ಕೇಳಿ, ಪುಸ್ತಕಗಳನ್ನೋದಿ, ನಮ್ಮ ಕೈಯಿಂದಲೇ ಮಾಡಿ ತಿಳಿದುಕೊಂಡ ಕೆಲವು ಸಂಗತಿಗಳು ಬೆಕ್ಕು ಸಾಕಿದ ಗೃಹಸ್ಥರಿಗೆ ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆಯುತ್ತಿದ್ದೇವೆ.

‘ಮಿಹ್’ ಧಾತುವಿಗೆ ಸೇಚನವೆಂದು ಅರ್ಥ. ಅದರಿಂದ ಹುಟ್ಟಿದ ಮೇಹಶಬ್ದವು ಮೂತ್ರವನ್ನು ಸೂಚಿಸುವುದು. ಮೂತ್ರವು ಜೇನಿನಂತೆ ಮಧುರವಾಗುವ ವ್ಯಾಧಿಯೇ ಮಧುಮೇಹ. ಚರಕಾಚಾರ್ಯರು ಪ್ರಮೇಹಗಳನ್ನು 20 ಬಗೆಯಾಗಿ ವಿಂಗಡಿಸಿ, ರೋಗದ ಪೂರ್ವರೂಪಗಳಲ್ಲಿ ಇರುವೆಗಳು ರೋಗಿಯ ಮೂತ್ರವನ್ನರಸಿ ಬರುವುದನ್ನೂ ಹೇಳಿರುವರು. ಕಾರಣಗಳನ್ನೆಣಿಸುವಾಗ ಕುಳಿತಲ್ಲಿ ಕುಳಿತಿರುವ ಸುಖ, ನಿದ್ರೆಯ ಸುಖ, ಹಾಲು, ಮೊಸರು, ಹೊಸ ಧಾನ್ಯ, ಬೆಲ್ಲದ ಪದಾರ್ಥ ಇವುಗಳನ್ನು ಹೆಸರಿಸಿರುವರು. ಸುಶ್ರುತರಂತೂ ಬಡರೋಗಿಯು ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ ನೂರು ಯೋಜನ ನಡೆಯಬೇಕೆಂದು ವಿಧಿಸಿದರು. ಮನುಷ್ಯರನ್ನುದ್ದೇಶಿಸಿ ಆಡಿದ ಈ ಮಾತುಗಳು, ಹಗಲೆಲ್ಲ ಹಾಸಿಗೆಯ ಮೇಲೆ ಸುರುಳಿಗಟ್ಟಿ ಮಲಗಿ ಹೊತ್ತು ಹೊತ್ತಿಗೆ ಹಾಲು ಕುಡಿಯುವ ಮನೆಬೆಕ್ಕನ್ನು ನೋಡಿಯೇ ಬರೆದವುಗಳೋ ಎಂಬಂತಿವೆ. ನೂರು ಯೋಜನ ನಡೆಸುವ ಚಿಕಿತ್ಸೆಯೊಂದು ಮಾತ್ರ ಬೆಕ್ಕಿನ ವಿಷಯದಲ್ಲಿ ಸಾಧ್ಯವಲ್ಲ.

ನಮ್ಮ ಬೆಕ್ಕಿನ ಹೆಸರು ಗುಂಡ. ಹೈದರಾಬಾದಿನಲ್ಲಿ ನಮ್ಮ ಮಗಳ ಮನೆಯಲ್ಲಿ ಬೆಳೆದು, ಅವಳಿಗೆ ದೂರದ ಊರಿಗೆ ವರ್ಗವಾದಾಗ ಮೂರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದವನು. ವಯಸ್ಸು 10 ವರ್ಷ. ಶಸ್ತ್ರಚಿಕಿತ್ಸೆ ಮಾಡಿಸಿ ಬೀಜ ತೆಗೆಸಿದ ಗಂಡು. ತೂಕ ಆಗ 7 ಕಿಲೋ. ಬೆಕ್ಕಿನ ಮಧುಮೇಹಕ್ಕೆ ಒಳಗಾಗುವವರ ಲಕ್ಷಣವನ್ನು ವೈದ್ಯಗ್ರಂಥಗಳಲ್ಲಿ ನೋಡಿದರೆ ಗುಂಡನ ಜಾತಕವನ್ನೇ ಓದಿದಂತಾಗುವುದು: ನಡುವಯಸ್ಸು ಮೀರಿದ್ದು, ಗಂಡು, ಬೀಜ ತೆಗೆಸಿದ್ದು, ಮನೆಯೊಳಗೇ ಇರುವುದು, ಮೈ ತುಂಬಿದ್ದು. ಬರ್ಮೀಸ್ ಎಂಬ ತಳಿಯ ಬೆಕ್ಕುಗಳಿಗೆ ಇದು ಹೆಚ್ಚಾಗಿ ಬರುವುದಂತೆ. ತುರಿಕೆ ಮುಂತಾದ ಕಾರಣಗಳಿಂದ ಬಹುದಿನ ಸ್ಟೀರಾಯ್ಡ್ ಔಷಧವನ್ನು ಕೊಟ್ಟ ಬೆಕ್ಕುಗಳಿಗೂ ಬರುವುದುಂಟು.

ರೋಗವು ಮೊದಲು ಕಾಣಿಸಿಕೊಂಡದ್ದು ನೀರಿನ ಬಟ್ಟಲಿನಲ್ಲಿ. ಬೆಕ್ಕು ಸ್ವಭಾವತಃ ಅಲ್ಪ ನೀರು ಕುಡಿಯುವ ಪ್ರಾಣಿ. ಅದು ಬಟ್ಟಲನ್ನು ಬರಿದು ಮಾಡಿ, ಬಚ್ಚಲಿನ ನಲ್ಲಿಯ ಕೆಳಗೆ ಕುಳಿತು ಹನಿಗಳನ್ನು ನೆಕ್ಕತೊಡಗಿದರೆ ಎಚ್ಚರಗೊಳ್ಳಬೇಕು. ತರುವಾಯ ಮೂತ್ರವು ಹೆಚ್ಚಿತು. ಹಿತ್ತಿಲಿನ ಮರಳುತಟ್ಟೆಯಲ್ಲಿ ಹಿಡಿಗಾತ್ರದ ಮುದ್ದೆಗಳು ಕಾಣಿಸಿದವು. ನಮ್ಮ ಮನೆಯಾಕೆ ಒಂದು ಮುಂಜಾನೆ ಆ ತಟ್ಟೆಗೆ ಇರುವೆ ಸಾಲುಗಟ್ಟಿರುವುದನ್ನು ಕಂಡು ನಮ್ಮನ್ನು ಕರೆದು ತೋರಿಸಿದರು. ಹನ್ನೆರಡು ವರ್ಷಗಳಿಂದ ತಾವೇ ಮಧುಮೇಹಿಯಾಗಿ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ಅವರಿಗೆ ಇರುವೆಯ ಅರ್ಥವನ್ನು ಚರಕರು ಹೇಳಬೇಕಾಗಿರಲಿಲ್ಲ. ಹಸಿವು ಕುಂದಿರಲಿಲ್ಲ, ಬದಲಾಗಿ ಹೆಚ್ಚಿತ್ತು. ಆದರೂ ಮೈ ಇಳಿಯುತ್ತ ಬಂದು ಬೆನ್ನಿನ ಎಲುಬು ಕೈಗೆ ಸಿಕ್ಕುವಂತಾಯಿತು. ಕೊನೆಯ ಕುರುಹು ಬೆಕ್ಕುಗಳಲ್ಲೇ ವಿಶೇಷವಾಗಿ ಕಾಣುವಂಥದು. ಸಾಮಾನ್ಯವಾಗಿ ಬೆರಳುಗಳ ಮೇಲೆ ನಡೆಯುವ ಬೆಕ್ಕು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ಮೊಲದಂತೆ ನಡೆಯತೊಡಗುವುದು. ರಕ್ತದ ಸಕ್ಕರೆಯು ನರಗಳನ್ನು ಕೆಡಿಸಿದುದರ ಪರಿಣಾಮವಿದು. ಕಿಟಕಿಯನ್ನೇರುತ್ತಿದ್ದ ಗುಂಡನು ಮಣೆಯನ್ನೂ ಏರಲಾರದೆ ನಿಂತದ್ದನ್ನು ಕಂಡು ಇನ್ನು ತಡ ಮಾಡಬಾರದೆಂದು ನಿಶ್ಚಯಿಸಿದೆವು.

ನಮ್ಮದು ತೊಗರಿ ಜೋಳಗಳ ಸೀಮೆ. ಇಲ್ಲಿಯ ಪಶುವೈದ್ಯರ ಕೈಗೆ ಬರುವುದು ಎತ್ತು, ಎಮ್ಮೆ, ಆಡು, ಕುರಿಗಳು. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದವರನ್ನು ನೋಡಿ ಸರದಿಯಲ್ಲಿ ನಿಂತ ರೈತರು ಮುಗುಳ್ನಗುವುದು ಸಹಜ. ಮೊದಲು ಕಂಡ ವೈದ್ಯರೊಬ್ಬರು, “ಮುದಿಬೆಕ್ಕು, ಇದಕ್ಕೆ ಯಾಕಿಷ್ಟು ತೊಂದರಿ ತೊಗೋತೀರಿ?” ಎಂದು ಹೇಳಿ ಕಳುಹಿದರು. ಬೀದರಿನ ನಂದಿನಗರದಲ್ಲಿ ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಅಲ್ಲಿಯ ಪಶುವೈದ್ಯ ಮಹಾವಿದ್ಯಾಲಯಕ್ಕೆ ಚಿಕಿತ್ಸಾಲಯವೂ ಉಂಟು. ಚಿಂಚೋಳಿಯ ಮಾರ್ಗವಾಗಿ ಅಲ್ಲಿಗೆ ಹೋದೆವು.

ಇಲ್ಲಿ ಒಂದು ವಿಷಯವನ್ನು ವಾಚಕರು ಚೆನ್ನಾಗಿ ತಿಳಿಯಬೇಕು. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆಯು ತಾನಾಗಿಯೇ ಏರುವುದು. ನೀರೋಗಿಯಾದ ಬೆಕ್ಕಿನ ರಕ್ತದಲ್ಲಿ ಒಂದು ಡೆಸಿಲೀಟರಿಗೆ ಸುಮಾರು 70ರಿಂದ 150 ಮಿಲಿಗ್ರಾಮಿನಷ್ಟು ಸಕ್ಕರೆಯಿರುವುದು. ಬುಟ್ಟಿಯಲ್ಲಿ ಕಟ್ಟಿ, ಬಸ್ಸಿನಲ್ಲಿ ಕುಲುಕಿ, ನಾಯಿಗಳು ಬೊಗಳುವ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದಾಗ ಅದೇ ಬೆಕ್ಕಿನಲ್ಲಿ 300ನ್ನು ದಾಟಿದರೂ ಆಶ್ಚರ್ಯವಿಲ್ಲ. ಆದುದರಿಂದ ಒಂದೇ ಒಂದು ರಕ್ತಪರೀಕ್ಷೆಯಿಂದ ಮಧುಮೇಹವೆಂದು ತೀರ್ಮಾನಿಸಲಾಗದು. ಮೂತ್ರವನ್ನು ಪರೀಕ್ಷಿಸಬೇಕು, ರಕ್ತದ ಸಕ್ಕರೆ ಸುಮಾರು 250ರಿಂದ 290ರ ಮೇರೆಯನ್ನು ಮೀರಿ ಕೆಲಕಾಲ ನಿಂತರಲ್ಲದೆ ಬೆಕ್ಕಿನ ಮೂತ್ರಪಿಂಡವು ಅದನ್ನು ಹೊರಗೆ ಬಿಡದು. ಇದಲ್ಲದೆ ಫ್ರಕ್ಟೋಸಮೀನ್ ಎಂಬ ಪರೀಕ್ಷೆಯೊಂದುಂಟು. ಅದು ಹಿಂದಿನ ಒಂದೆರಡು ವಾರಗಳ ಸಕ್ಕರೆಯ ಸರಾಸರಿಯನ್ನು ತೋರಿಸುವುದರಿಂದ, ಆ ಹೊತ್ತಿನ ಹೆದರಿಕೆಯು ಅದನ್ನು ಕೆಡಿಸಲಾರದು. ಮೂರೂ ಪರೀಕ್ಷೆಗಳು ಒಂದೇ ಮಾತನ್ನು ಹೇಳಿದ ಮೇಲೆ ಗುಂಡನು ಮಧುಮೇಹಿಯೆಂದು ಸ್ಥಿರವಾಯಿತು.

ಜಠರದ ಬಳಿಯಲ್ಲಿ ಮೇದೋಜೀರಕ ಗ್ರಂಥಿಯೆಂಬುದೊಂದಿದೆ. ಸಮುದ್ರದಲ್ಲಿ ನಡುಗಡ್ಡೆಗಳಿರುವಂತೆ ಅದರೊಳಗೆ ಸಣ್ಣ ಸಣ್ಣ ಕಣಸಮೂಹಗಳು ಚದುರಿಕೊಂಡಿರುವುವು. ಅಲ್ಲಿ ಹುಟ್ಟುವ ರಸಕ್ಕೆ, ಲ್ಯಾಟಿನ್ ಭಾಷೆಯಲ್ಲಿ ದ್ವೀಪವೆಂಬ ಅರ್ಥವುಳ್ಳ ಶಬ್ದದಿಂದ, ಇನ್ಸುಲಿನ್ ಎಂದು ಹೆಸರಾಯಿತು. ರಕ್ತದಲ್ಲಿರುವ ಸಕ್ಕರೆಯನ್ನು ಮಾಂಸಖಂಡಗಳು ಒಳಗೆ ತೆಗೆದುಕೊಳ್ಳಲು ಇದು ಬೇಕು. ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಬೊಜ್ಜು ಮುಂತಾದವುಗಳಿಂದ ಇನ್ಸುಲಿನ್ನಿನ ಮಾತನ್ನು ದೇಹವು ಕೇಳದಂತಾಗಿ, ದ್ವೀಪಗಳು ದುಡಿದು ದಣಿದು, ಅಮೈಲಾಯ್ಡ್ ಎಂಬ ಜಡವಸ್ತುವಿನಿಂದ ತುಂಬಿಹೋಗುವುವು. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ, ಮೇರಿಂಗ್ ಎಂಬ ಇಬ್ಬರು ವೈದ್ಯರು ನಾಯಿಯ ಈ ಗ್ರಂಥಿಯನ್ನು ತೆಗೆದು, ಅದಕ್ಕೆ ಮಧುಮೇಹ ಬಂದುದನ್ನು ತೋರಿಸಿದರು. 1921ರಲ್ಲಿ ಕೆನಡದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಇವರು ನಾಯಿಗಳ ಮೇಲೆಯೇ ಪ್ರಯೋಗ ಮಾಡಿ ಗ್ರಂಥಿಯ ರಸವನ್ನು ತೆಗೆದರು; 1922ರ ಜನವರಿಯಲ್ಲಿ ಒಬ್ಬ ಬಾಲಕನು ಆ ಔಷಧವನ್ನು ಮೊದಲು ಪಡೆದನು. ಪ್ರಾಣಿಗಳ ಪ್ರಾಣದಿಂದ ಮನುಷ್ಯರಿಗೆ ದೊರೆತ ಔಷಧವಿದು. ಇಂದು ಒಂದು ಬೆಕ್ಕಿಗೆ ಅದನ್ನು ಕೊಟ್ಟರೆ ಅತಿಯಾಯಿತೆನ್ನುವವರಿಗೆ ನಾವು ಈ ಚರಿತ್ರೆಯನ್ನು ಹೇಳುವುದುಂಟು. ಇನ್ನೊಂದು ಸಂಗತಿ: ಬೆಕ್ಕಿನ ಇನ್ಸುಲಿನ್ನಿಗೂ ಹಸುವಿನ ಇನ್ಸುಲಿನ್ನಿಗೂ ಇರುವ ಭೇದವು ಒಂದೇ ಒಂದು ಅಮೈನೋ ಆಮ್ಲದ್ದು. ನಾಯಿಯದು ಹಂದಿಯದರಂತೆಯೇ ಇರುವುದು.

ಓಣಿಯವರ ಸಲಹೆಗಳಿಗೆ ಕೊರತೆಯಿರಲಿಲ್ಲ. “ಹೋಗ್ಲಿ ಬಿಡ್ರಿ ಸರ, ಬೆಕ್ಕಿಗೇನು ಬರ, ಇನ್ನೊಂದು ಮರಿ ತಂದುಕೊಡ್ತೀವಿ” ಎಂದವರು ಕೆಲವರು. ಹಾಗಲಕಾಯಿಯ ರಸ ಕುಡಿಸಿರೆಂದವರು ಕೆಲವರು. ಇವರಲ್ಲಿ ಯಾರ ಮನಸ್ಸೂ ಕೆಟ್ಟದ್ದಲ್ಲ. ನಿವೃತ್ತಿವೇತನದ ಮೇಲೆ ಬದುಕುವವರಿಗೆ ಈ ಖರ್ಚು ಸಣ್ಣದಲ್ಲವೆಂಬುದೂ, ಮುಂಜಾನೆ ಸಂಜೆ ಹನ್ನೆರಡು ಹನ್ನೆರಡು ತಾಸಿಗೆ ಸೂಜಿ ಚುಚ್ಚಬೇಕಾದ ಪ್ರಾಣಿಯಿರುವ ಮನೆಯವರು ಊರು ಬಿಟ್ಟು ಕದಲುವುದು ಕಷ್ಟವೆಂಬುದೂ ನಿಜ. ಬೀದರಿನ ವೈದ್ಯರೂ ಇದನ್ನೆಲ್ಲ ಮರೆಮಾಚದೆ ಹೇಳಿ, ಯೋಚಿಸಿ ತಿಳಿಸಿರೆಂದರು. ತೀರ್ಮಾನವನ್ನು ಮಾಡಿದವರು ನಮ್ಮ ಮನೆಯಾಕೆ. “ನನಗ ದಿನಾ ಎರಡು ಸಲ ಚುಚ್ಚತೀರಿ, ನನ್ನನ್ನೇನು ಬಿಟ್ಟು ಬಂದೀರೇನು? ಅವಂದೂ ಅದೇ ಹೊತ್ತಿಗೆ ಆಗಲಿ” ಎಂದುಬಿಟ್ಟರು. ಅದಕ್ಕೆ ಉತ್ತರ ಯಾವ ಶಾಸ್ತ್ರದಲ್ಲಿಯೂ ನಮಗೆ ಸಿಕ್ಕಲಿಲ್ಲ.

ಒಂದೇ ಮನೆಯಲ್ಲಿ ಇಬ್ಬರು ಮಧುಮೇಹಿಗಳು, ಒಬ್ಬರು ಮನುಷ್ಯರು, ಒಂದು ಬೆಕ್ಕು, ಇದ್ದಾಗ ಒದಗಬಹುದಾದ ಅಪಾಯವನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಲೇಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಪ್ರಮಾಣಗಳಲ್ಲಿ ಸಿಗುವುದು: ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಅವುಗಳಿಗೆ ತಕ್ಕ ಸಿರಿಂಜುಗಳೂ ಬೇರೆ; 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಮನೆಯಾಕೆಯ ಬಾಟಲಿ 40ರದು. ಗುಂಡನಿಗೆ ವೈದ್ಯರು ಬರೆದುಕೊಟ್ಟದ್ದು ಗ್ಲಾರ್ಜಿನ್ ಎಂಬ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್, 100ರದು. ಇದು ಮನುಷ್ಯರಿಗಾಗಿಯೇ ತಯಾರಾದ ಔಷಧ. ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಇದನ್ನು ತಯಾರಿಸುವುದು. ಈಗ ಗಣಿತವನ್ನು ನೋಡಿರಿ. 100ರ ಬಾಟಲಿಯ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದು ಗೆರೆಯಷ್ಟು ಎಳೆದರೆ, ಅದರಲ್ಲಿ ಬರುವುದು ಮಿಲಿಲೀಟರಿನ ನಲವತ್ತರಲ್ಲೊಂದು ಭಾಗ. ಎಂದರೆ ಒಂದು ಯೂನಿಟ್ಟಲ್ಲ, ಎರಡೂವರೆ ಯೂನಿಟ್. ಬೆಕ್ಕಿಗೆ ಸಾಮಾನ್ಯವಾಗಿ ಆರಂಭದಲ್ಲಿ ಕೊಡುವುದು ಒಂದು ಹೊತ್ತಿಗೆ ಒಂದು ಯೂನಿಟ್ ಮಾತ್ರ. ಪಾವಿನ ಬದಲು ಎರಡೂವರೆ ಪಾವು ಅಳೆದುಕೊಟ್ಟರೆ ಅಂಗಡಿಯವನಿಗೆ ನಷ್ಟವಾದೀತು, ಅಷ್ಟೆ. ಇಲ್ಲಿ ಜೀವವೇ ಹೋದೀತು. ತದ್ವಿರುದ್ಧವಾಗಿ 40ರ ಔಷಧವನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಮನೆಯಾಕೆಗೆ ಐದರಲ್ಲಿ ಎರಡು ಪಾಲು ಮಾತ್ರ ಸೇರುವುದು.

ಆದಕಾರಣ ನಮ್ಮ ಮನೆಯಲ್ಲಿ ಎರಡು ಡಬ್ಬಿಗಳಾಗಿವೆ. ತಂಪುಪೆಟ್ಟಿಗೆಯ ಮೇಲಿನ ಅರೆಯಲ್ಲಿ ಮನೆಯಾಕೆಯದು, ಕೆಳಗಿನ ತರಕಾರಿ ಅರೆಯ ಪಕ್ಕದಲ್ಲಿ ಗುಂಡನದು. ಪ್ರತಿ ಡಬ್ಬಿಯಲ್ಲಿ ಬಾಟಲಿಯೂ ಅದರ ಸಿರಿಂಜುಗಳೂ ಕೂಡಿಯೇ ಇರತಕ್ಕವು. ಒಂದರ ವಸ್ತುವು ಇನ್ನೊಂದಕ್ಕೆ ಹೋಗತಕ್ಕದ್ದಲ್ಲ. ಬಣ್ಣದಿಂದಲೂ ಗುರುತು ಹಿಡಿಯಬಹುದು: ಮನೆಯಾಕೆಯದು ಮಜ್ಜಿಗೆಯ ತಿಳಿಯಂತೆ ಮಬ್ಬಾದದ್ದು, ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ ಸಮಮಾಡಬೇಕಾದದ್ದು; ಗುಂಡನದು ಸ್ವಚ್ಛ ನೀರಿನಂತಿರುವುದು, ಅದನ್ನು ಅಲುಗಾಡಿಸಬಾರದು. ತಿಳಿಯಾದದ್ದು ಮಬ್ಬಾಯಿತೆಂದರೆ ಚೆಲ್ಲಬೇಕು.

ಔಷಧವನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ವೈಶಾಖದಲ್ಲಿ 40 ಡಿಗ್ರಿ ಮೀರುವ ನಮ್ಮ ಸೀಮೆಯಲ್ಲಿ, ವಿದ್ಯುತ್ತು ಹೋದ ಮಧ್ಯಾಹ್ನಗಳಲ್ಲಿ, ಇದೊಂದು ಚಿಂತೆಯೇ ಸರಿ. ಹಿರಿಯರ ಉಪಾಯವೇ ಇಲ್ಲಿ ಕೈಹಿಡಿಯಿತು. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆಯನ್ನಿಟ್ಟು, ನಡುವೆ ಮರಳು ತುಂಬಿ, ಮರಳಿಗೆ ನೀರು ಹನಿಸುತ್ತಿದ್ದರೆ ಒಳಗಿನ ಗಡಿಗೆ ತಂಪಾಗಿರುವುದು. ಡಬ್ಬಿಯನ್ನು ನೀರು ತಾಗದಂತೆ ಮುಚ್ಚಿ ಅದರಲ್ಲಿಡುವುದು. ತಂಪುಪೆಟ್ಟಿಗೆಯಷ್ಟು ತಣ್ಣಗಿರದಿದ್ದರೂ ಕೋಣೆಯ ಬೇಗೆಯಿಂದ ಔಷಧವು ಉಳಿಯುವುದು.

ಬೆಕ್ಕಿಗೆ ಗಂಟೆ ಕಟ್ಟುವವರಾರೆಂಬ ಗಾದೆಯುಂಟಷ್ಟೆ. ಸೂಜಿ ಚುಚ್ಚುವುದು ಅದಕ್ಕಿಂತ ಸುಲಭವೆಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಸತ್ಯ. ಬೆಕ್ಕು ಉಣ್ಣುತ್ತಿರುವಾಗ ಹೆಗಲಿನ ಮೇಲೋ ಪಕ್ಕೆಯ ಮೇಲೋ ಸಡಿಲವಾದ ಚರ್ಮವನ್ನು ಡೇರೆಯಂತೆ ಎತ್ತಿ ಹಿಡಿದು, ಅದರ ಬುಡದಲ್ಲಿ ಸೂಜಿಯನ್ನು ತೂರಿಸಬೇಕು. ಸೂಜಿ ಅತಿಸಣ್ಣದು, ಗುಂಡನು ತಟ್ಟೆಯಿಂದ ತಲೆಯೆತ್ತುವುದೂ ಇಲ್ಲ. ಚುಚ್ಚುವ ಸ್ಥಳವನ್ನು ದಿನದಿನಕ್ಕೆ ಬದಲಿಸುತ್ತಿರಬೇಕು. ಮೊದಲು ಉಣ್ಣುವನೋ ಎಂದು ನೋಡಿ ಆಮೇಲೆ ಚುಚ್ಚುವುದೇ ಕ್ರಮ. ಉಣ್ಣದೆ ಮುಖ ತಿರುಗಿಸಿದ ದಿನ ಎಂದಿನ ಪ್ರಮಾಣವನ್ನು ಕೊಡದೆ ವೈದ್ಯರನ್ನು ಕೇಳಬೇಕು. ಕೊಟ್ಟೆವೋ ಇಲ್ಲವೋ ಎಂದು ಸಂಶಯ ಬಂದರೆ ಮತ್ತೊಮ್ಮೆ ಕೊಡಕೂಡದು. ಒಂದು ಹೊತ್ತು ತಪ್ಪಿದರೆ ಕೇಡಿಲ್ಲ, ಎರಡಾದರೆ ಕೇಡು. ಈ ಸಂಶಯಕ್ಕೆ ಎಡೆಯಿರದಂತೆ ಹಾಜರಿ ಪುಸ್ತಕದ ರೀತಿಯಲ್ಲಿ ಗೆರೆ ಎಳೆದು ಒಂದು ವಹಿಯನ್ನು ಮಾಡಿದ್ದೇವೆ. ದಿನಾಂಕ, ವೇಳೆ, ಉಂಡದ್ದೆಷ್ಟು, ಕೊಟ್ಟ ಯೂನಿಟ್, ನೀರು, ತೂಕ, ಕೊನೆಗೆ ಕೊಟ್ಟವರ ಸಹಿ. ಮೂವತ್ತು ವರ್ಷ ಹಾಜರಿ ಬರೆದ ಕೈಗೆ ಇದೇನು ಭಾರವಲ್ಲ.

ಔಷಧಕ್ಕಿಂತ ಕಠಿಣವಾದದ್ದು ಆಹಾರದ ಪ್ರಶ್ನೆ. ಅಮರಸಿಂಹನು ಬೆಕ್ಕಿಗೆ ಕೊಟ್ಟ ಹೆಸರುಗಳಲ್ಲಿ ಮಾರ್ಜಾರವೆಂಬುದೊಂದು, ಎಂದರೆ ಮೈಯನ್ನು ಶುಚಿಮಾಡಿಕೊಳ್ಳುವುದು. ಆಖುಭುಕ್ ಎಂಬುದಿನ್ನೊಂದು, ಎಂದರೆ ಇಲಿಯನ್ನು ತಿನ್ನುವುದು. ಅನ್ನಭುಕ್ ಎಂದು ಅವನು ಹೇಳಲಿಲ್ಲ. ನಾಯಿಯು ಮನುಷ್ಯನ ಎಂಜಲನ್ನುಂಡು ಬಾಳಬಲ್ಲದು, ಬೆಕ್ಕು ಹಾಗಲ್ಲ. ಅದರ ದೇಹವು ಮಾಂಸಕ್ಕೆಂದೇ ರಚಿತವಾದುದು. ಟಾರಿನ್ ಎಂಬ ವಸ್ತುವು ಆಹಾರದಿಂದಲೇ ದೊರೆಯದಿದ್ದರೆ ಅದರ ಕಣ್ಣೂ ಹೃದಯವೂ ಕೆಡುವುವು. ಆ ವಸ್ತುವು ಧಾನ್ಯದಲ್ಲಿ ಇಲ್ಲ. ಸಿಹಿಯನ್ನು ತಿಳಿಯುವ ಶಕ್ತಿ ಬೆಕ್ಕಿನ ನಾಲಗೆಗೆ ಇಲ್ಲವೆಂಬುದರ ಕಾರಣವು 2005ರಲ್ಲಿ ಗೊತ್ತಾಯಿತು: ಸಿಹಿಯ ರುಚಿಗೆ ಬೇಕಾದ ಎರಡು ಜೀನುಗಳಲ್ಲಿ ಒಂದು ಬೆಕ್ಕಿನ ಕುಲದಲ್ಲಿ ನಿರುಪಯೋಗಿಯಾಗಿದೆ. ಹಾಲಿನ ಮಾತೋ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಗಾದೆಯಲ್ಲಿ ಪ್ರಸಿದ್ಧವಾದುದು. ಆದರೆ ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿದ್ದು ಬೇರೆ ಕಾರಣಕ್ಕಾದರೂ, ಅದರ ಆರೋಗ್ಯಕ್ಕೆ ಒಳಿತೇ ಆಗಿರಬೇಕು.

ವೈದ್ಯರು ಸ್ಪಷ್ಟವಾಗಿ ಹೇಳಿದರು: ಹಾಲನ್ನ, ಜೋಳದ ರೊಟ್ಟಿಯ ಚೂರು, ಬಿಸ್ಕತ್ತು ಇವೆಲ್ಲ ನಿಲ್ಲಬೇಕು, ಕಾಳಿನ ರೂಪದ ಒಣ ಆಹಾರದಲ್ಲಿ ಹಿಟ್ಟಿನ ಅಂಶ ಹೆಚ್ಚಾದುದರಿಂದ ಅದೂ ಬೇಡ, ಮಾಂಸದಿಂದ ಮಾಡಿದ ಹಸಿಯಾದ ಬೆಕ್ಕಿನ ಆಹಾರವನ್ನು, ಹಿಟ್ಟು ಕಡಿಮೆಯಿರುವುದನ್ನು ಆರಿಸಿ ಕೊಡಬೇಕು. ಬರಿಯ ಬೇಯಿಸಿದ ಕೋಳಿಯೂ ಬಹುಕಾಲ ಸಾಲದು, ಅದರಲ್ಲಿ ಸುಣ್ಣದ ಅಂಶ ಮುಂತಾದವು ಸಾಕಷ್ಟಿಲ್ಲ. ನಮ್ಮ ಮನೆತನದಲ್ಲಿ ಮಾಂಸವು ಹೊಸ್ತಿಲೊಳಗೆ ಬಂದುದಿಲ್ಲ. ಮಡಿಯಿಂದ ಅಡಿಗೆ ಮಾಡುವ ಮನೆಯಾಕೆಯ ಮುಂದೆ ಈ ಮಾತನ್ನು ಹೇಗೆ ಎತ್ತುವುದೆಂದು ನಾವು ಬೀದರಿನಿಂದ ಬರುವಾಗ ದಾರಿಯುದ್ದಕ್ಕೂ ಯೋಚಿಸುತ್ತ ಬಂದೆವು. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಇಲಿ ಹಿಡದು ತಿಂದಾಗ ನಾವೇನು ಅವನ ಜಾತಿ ಕೆಡಿಸಿದ್ವಿ? ಹಿತ್ತಲಾಗ ಇಡ್ರಿ, ಅವನ ಊಟ ಅವಗ, ನಮ್ಮದು ನಮಗ” ಎಂದರು.

ಹೀಗಾಗಿ ಹಿತ್ತಿಲಿನ ಕಲ್ಲುಕಟ್ಟೆಯು ಗುಂಡನ ಭೋಜನಶಾಲೆಯಾಗಿದೆ. ಶಹಾಬಾದದ ಪರಸಿಯ ಹಾಸು, ನೀರು ಸುರಿದರೆ ಶುಚಿಯಾಗುವುದು. ಪೊಟ್ಟಣಗಳು ಹೈದರಾಬಾದಿನಿಂದ ತಿಂಗಳಿಗೊಮ್ಮೆ ಬರುವುವು. ಅವನ್ನು ಹಿತ್ತಿಲಿನ ಕೋಣೆಯ ಗೂಡಿನಲ್ಲಿಡುವೆವು. ಪೊಟ್ಟಣವನ್ನು ಒಡೆದು ಬಡಿಸುವ ಕೆಲಸ ನಮ್ಮದು. ಮನೆಯಾಕೆ ಬಾಗಿಲ ಬಳಿ ನಿಂತು, ತಟ್ಟೆ ಖಾಲಿಯಾಯಿತೋ ಇಲ್ಲವೋ ಎಂದು ಕೇಳಿ ವಹಿಯಲ್ಲಿ ಬರೆಯುವರು. ಅಹಿಂಸೆಯ ಪ್ರಶ್ನೆಯನ್ನು ನಮ್ಮ ಸ್ನೇಹಿತರೊಬ್ಬರು ಎತ್ತಿದರು. ಬೆಕ್ಕನ್ನು ಸಾಕಿದ ದಿನವೇ ಆ ಪ್ರಶ್ನೆ ಹುಟ್ಟಿತೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಅನ್ನವನ್ನಿಕ್ಕಿ ಕೃಶಗೊಳಿಸುವುದೂ ಹಿಂಸೆಯೇ. ಇನ್ನೊಂದು ಎಚ್ಚರಿಕೆ: ಆಹಾರವನ್ನು ಬದಲಿಸಿದೊಡನೆ ಸಕ್ಕರೆ ತಗ್ಗುವುದರಿಂದ, ವೈದ್ಯರಿಗೆ ತಿಳಿಸದೆ ಹಳೆಯ ಪ್ರಮಾಣದ ಇನ್ಸುಲಿನ್ನನ್ನೇ ಮುಂದುವರಿಸಬಾರದು. ಬೊಜ್ಜಿನ ಬೆಕ್ಕನ್ನು ಉಪವಾಸ ಕೆಡವಿ ತೆಳ್ಳಗಾಗಿಸುವುದು ಇನ್ನೂ ಅಪಾಯ. ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುವುದು.

ಸಕ್ಕರೆ ಏರುವುದಕ್ಕಿಂತ ಇಳಿಯುವುದು ಬೇಗನೆ ಕೊಲ್ಲುವುದು. ಚುಚ್ಚಿದ ಕೆಲವು ತಾಸಿನ ಮೇಲೆ ಬೆಕ್ಕು ತೂರಾಡಿದರೆ, ಕರೆದರೆ ಓಗೊಡದಿದ್ದರೆ, ಮೈ ನಡುಗಿದರೆ, ಸೆಳವು ಬಂದರೆ, ಸಕ್ಕರೆ ಇಳಿದಿದೆಯೆಂದು ತಿಳಿಯಬೇಕು. ಪ್ರಜ್ಞೆಯಿದ್ದು ಉಣ್ಣಬಲ್ಲುದಾದರೆ ಕೂಡಲೆ ಉಣಿಸಬೇಕು. ಇಲ್ಲವಾದರೆ ಜೇನುತುಪ್ಪವನ್ನೋ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕಲಸಿದ ಪಾಕವನ್ನೋ ಬೆರಳಿನಿಂದ ಒಸಡಿಗೆ ಹಚ್ಚಬೇಕು. ಬಾಯಿಯೊಳಗೆ ಸುರಿದರೆ ಶ್ವಾಸನಾಳಕ್ಕೆ ಹೋದೀತು. ಆಮೇಲೆ ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಲೇಬೇಕು. ಚೈತ್ರದಲ್ಲಿ ಒಂದು ರಾತ್ರಿ ಹತ್ತರ ಸುಮಾರಿಗೆ ಗುಂಡನು ಗೋಡೆಗೆ ತಲೆಯೊತ್ತಿ ನಿಂತದ್ದನ್ನು ಮನೆಯಾಕೆಯೇ ಮೊದಲು ಕಂಡರು. ತಮಗೆ ಸಕ್ಕರೆ ಇಳಿದಾಗ ಹೀಗೆಯೇ ಆಗುವುದೆಂದು ಹೇಳುತ್ತ ತಮ್ಮ ದಿಂಬಿನ ಬಳಿಯ ಜೇನಿನ ಸೀಸೆಯನ್ನೇ ತಂದು ಒಸಡಿಗೆ ಹಚ್ಚಿದರು. ಕಾಲು ತಾಸಿನಲ್ಲಿ ಅವನು ಎದ್ದು ತಟ್ಟೆಯನ್ನು ಹುಡುಕಿದನು. ಮರುದಿನ ವೈದ್ಯರು ಪ್ರಮಾಣವನ್ನು ತಗ್ಗಿಸಿದರು. ಅಂದಿನಿಂದ ಆ ಸೀಸೆಗೆ ಇಬ್ಬರು ಒಡೆಯರು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಬೆಕ್ಕು ಉಣ್ಣುವುದನ್ನು ಬಿಟ್ಟು, ವಾಂತಿ ಮಾಡಿ, ಮಂಕಾಗಿ ಬಿದ್ದು, ಉಸಿರಿನಲ್ಲಿ ಕೊಳೆತ ಹಣ್ಣಿನಂತಹ ವಾಸನೆ ಬಂದರೆ ರಕ್ತದಲ್ಲಿ ಕೀಟೋನುಗಳೆಂಬ ಆಮ್ಲಗಳು ತುಂಬಿವೆಯೆಂದರ್ಥ. ಆಗ ಮನೆಮದ್ದಿಲ್ಲ, ಆಸ್ಪತ್ರೆಯೇ ಗತಿ.

ಸಕ್ಕರೆಯನ್ನು ಮನೆಯಲ್ಲಿಯೇ ಅಳೆಯಲು ಬೆಕ್ಕಿನ ಕಿವಿಯ ಅಂಚಿನಲ್ಲಿ ಹರಿಯುವ ಸಣ್ಣ ನರವನ್ನು ಮೊನೆಯಿಂದ ಚುಚ್ಚಿ ಒಂದು ಹನಿ ರಕ್ತ ತೆಗೆಯುವರು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಕಿವಿಯನ್ನು ಮೊದಲು ಬೆಚ್ಚಗೆ ಮಾಡಿದರೆ ಹನಿ ಬೇಗ ಬರುವುದು. ಮನುಷ್ಯರ ಅಳತೆಯಂತ್ರವು ಬೆಕ್ಕಿನ ರಕ್ತದ ಸಕ್ಕರೆಯನ್ನು ನಿಜಕ್ಕಿಂತ ಕಡಿಮೆಯಾಗಿ ತೋರಿಸುವುದು ವಾಡಿಕೆ. ಪ್ರಾಣಿಗಳಿಗೆಂದೇ ಮಾಡಿದ ಯಂತ್ರಗಳಿವೆ. ಆಸ್ಪತ್ರೆಯ ಭಯದಿಂದ ಏರುವ ಸಕ್ಕರೆಯ ತೊಡಕು ಮನೆಯಲ್ಲಿ ಇಲ್ಲದುದರಿಂದ, ಮನೆಯ ಅಳತೆಗೆ ವೈದ್ಯರು ಬೆಲೆ ಕೊಡುವರು.

ಸೂಜಿಯಿಲ್ಲದೆ ಬಾಯಿಂದ ಕೊಡುವ ಔಷಧಗಳೂ ಈಚೆಗೆ ಬಂದಿವೆ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೂ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ಎಂಬ ದ್ರವೌಷಧಕ್ಕೂ ಬೆಕ್ಕುಗಳಿಗಾಗಿ ಸರಕಾರದ ಅನುಮತಿ ದೊರೆಯಿತು. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರದೂಡುವುವು. ಆದರೆ ಇನ್ಸುಲಿನ್ ಪಡೆದ ಬೆಕ್ಕುಗಳಿಗೆ ಇವು ಸಲ್ಲವೆಂದು ಆ ಅನುಮತಿಯಲ್ಲೇ ಹೇಳಿದೆ. ಸಕ್ಕರೆ ಹೆಚ್ಚಾಗಿ ಕಾಣದಿದ್ದರೂ ಕೀಟೋನು ತುಂಬುವ ಭಯವಿದೆ. ಗುಂಡನಿಗೆ ಆ ದಾರಿಯಿಲ್ಲ.

ಮನುಷ್ಯರ ಮಧುಮೇಹವನ್ನು ಬಲ್ಲವರಿಗೆ ಎಲ್ಲಕ್ಕಿಂತ ಆಶ್ಚರ್ಯವಾಗುವುದು ಇದು: ಬೆಕ್ಕುಗಳಲ್ಲಿ ಅನೇಕವು ಬೇಗನೆ ಚಿಕಿತ್ಸೆ ಹತ್ತಿದರೆ ಇನ್ಸುಲಿನ್ನಿನ ಹಂಗಿಲ್ಲದೆ ಬದುಕುವ ಸ್ಥಿತಿಗೆ ಮರಳುವುವು. ದಣಿದ ದ್ವೀಪಗಳಿಗೆ ವಿಶ್ರಾಂತಿ ಸಿಕ್ಕಿ, ಪೂರ್ತಿ ಹಾಳಾಗದೆ ಉಳಿದವು ಮತ್ತೆ ದುಡ್ಡಿಗೆ ಬರುವ ದನಗಳಂತೆ ಕೆಲಸಕ್ಕೆ ಬರುವುವು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗ್ಲಾರ್ಜಿನ್ ಪಡೆದು, ಹಿಟ್ಟು ಕಡಿಮೆಯಾದ ಆಹಾರವನ್ನುಂಡು, ಒಡೆಯರು ಮನೆಯಲ್ಲಿಯೇ ರಕ್ತವನ್ನು ಅಳೆದು ನೋಡಿಕೊಂಡ 55 ಬೆಕ್ಕುಗಳಲ್ಲಿ ನೂರಕ್ಕೆ 64ರಷ್ಟು ಈ ಸ್ಥಿತಿಗೆ ಬಂದವು. ರೋಗ ತಿಳಿದ ಆರು ತಿಂಗಳೊಳಗೆ ಬಿಗಿಯಾದ ಕ್ರಮವನ್ನು ಹಿಡಿದವುಗಳಲ್ಲಿ ಇದು ನೂರಕ್ಕೆ 84ರಷ್ಟಿತ್ತು. ಎಲ್ಲ ಬೆಕ್ಕುಗಳಿಗೂ ಈ ಭಾಗ್ಯವಿಲ್ಲ. ಬಂದ ಭಾಗ್ಯವೂ ಕೆಲವಕ್ಕೆ ಮತ್ತೆ ತಪ್ಪುವುದು. ಆದರೂ ಮುದಿಬೆಕ್ಕೆಂದು ಮೊದಲ ವಾರದಲ್ಲೇ ಕೈಬಿಡುವವರು ಈ ಅಂಕಿಗಳನ್ನು ನೋಡಬೇಕು.

ಗುಂಡನ ತೂಕ ಈಗ 5 ಕಿಲೋ 300 ಗ್ರಾಮಿಗೆ ನಿಂತಿದೆ. ನೀರಿನ ಬಟ್ಟಲು ಸಂಜೆಯವರೆಗೂ ಅರ್ಧ ತುಂಬಿರುವುದು, ಮರಳುತಟ್ಟೆಗೆ ಇರುವೆ ಬರುತ್ತಿಲ್ಲ. ಹಿಂಗಾಲು ಇನ್ನೂ ಪೂರ್ತಿ ನೆಟ್ಟಗಾಗಿಲ್ಲವಾದರೂ ಹಿಮ್ಮಡಿ ನೆಲವನ್ನು ಬಿಟ್ಟಿದೆ. ಕಳೆದ ವಾರ ಕಿಟಕಿಯ ಕಟ್ಟೆಯನ್ನು ಎರಡು ನೆಗೆತದಲ್ಲಿ ಏರಿದನು. ಔಷಧವು ಹೊತ್ತಿಗೆ ಅರ್ಧ ಯೂನಿಟ್ಟಿಗೆ ಇಳಿದಿದೆ. ಪಕ್ಕದ ಮನೆಯ ಕಾಲೇಜು ಓದುವ ಹುಡುಗನೊಬ್ಬನು ಸೂಜಿ ಚುಚ್ಚುವುದನ್ನು ಕಲಿತಿದ್ದಾನೆ. ಅವನು ವಹಿಯಲ್ಲಿ ಮಾಡುವ ಸಹಿ ನಮ್ಮದಕ್ಕಿಂತ ಅಂದವಾಗಿದೆ. ಅವನ ಭರವಸೆಯ ಮೇಲೆ ಸೇಡಮ್ಮಿನ ಒಂದು ಮದುವೆಗೆ ಒಂದು ರಾತ್ರಿ ಹೋಗಿಬಂದೆವು. ಶ್ರಾವಣದ ಮೊದಲ ವಾರದಲ್ಲಿ ಬೀದರಿನಲ್ಲಿ ಮತ್ತೆ ಫ್ರಕ್ಟೋಸಮೀನ್ ನೋಡುವರು; ಅದರ ಮೇಲೆ ಇನ್ಸುಲಿನ್ ನಿಲ್ಲಿಸಿ ನೋಡುವುದೋ ಮುಂದುವರಿಸುವುದೋ ಎಂಬುದು ತೀರ್ಮಾನವಾಗುವುದು.